ವಾಡಿ ಬಳ್ಳಿ

ಬೇರೆ ಹೆಣ್ಣುಮಕ್ಕಳ ತವರು ಊರಲ್ಲಿರುತ್ತದೆ, ಹೊಲದಲ್ಲಿರುತ್ತದೆ, ಅಣ್ಣನ ಮನೆಯ ಕಟ್ಟೆಯ ಮೇಲಿರುತ್ತದೆ. ರಮಾಬಾಯಿಯ ತವರು ರೈಲ್ವೆಯವರದು. ವಾಡಿ ಜಂಕ್ಷನ್ನಿನ ಹಿಂದೆ, ಹಳಿಗಳಾಚೆ, ಒಂದೇ ಅಚ್ಚಿನಲ್ಲಿ ಸಾಲಾಗಿ ಕಟ್ಟಿದ ಹಳೆಯ ಕ್ವಾರ್ಟರ್ಸುಗಳಲ್ಲಿ ಒಂದು ಮನೆ. ಅಪ್ಪ ದಶರಥ ಗ್ಯಾಂಗ್‌ಮನ್. ಜೀವಮಾನವಿಡೀ ಸುತ್ತಿಗೆ ಹಿಡಿದು ಬಿಸಿಲಲ್ಲಿ ಹಳಿಯ ಗುಂಟ ನಡೆದ ಮನುಷ್ಯ. ರಿಟೈರಾದ ದಿನ ಕೊರಳಿಗೆ ಹಾರ ಹಾಕಿದರು, ಕೈಗೊಂದು ಗಡಿಯಾರ ಕೊಟ್ಟರು, ಆಮೇಲೆ ಮನೆಯ ಕೀಲಿ ಕೇಳಿದರು. ಅದರಲ್ಲಿ ಯಾರ ತಪ್ಪೂ ಇಲ್ಲ ಬಿಡಿ. ಸರ್ಕಾರದ ಮನೆ ಸರ್ಕಾರಕ್ಕೆ. ಆದರೆ ಹಿಂದಿನ ವರ್ಷವಷ್ಟೇ ಮದುವೆಯಾಗಿ ಕಾಡಂಚಿನ ಕುಂಚಾವರಂ ಸೇರಿದ್ದ ಮಗಳಿಗೆ ಈ ಮಾತನ್ನು ಬಿಡಿಸಿ ಹೇಳುವವರು ಯಾರು? ಅಪ್ಪ, ಅವ್ವ ಶಹಾಬಾದಿನಲ್ಲಿ ಬಾಡಿಗೆ ಖೋಲಿ ಹಿಡಿದರು. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಒಬ್ಬರ ಹಿಂದೊಬ್ಬರು ಹೋಗಿಯೇಬಿಟ್ಟರು. ಅಣ್ಣತಮ್ಮಂದಿರೂ ಇರಲಿಲ್ಲ.

ನಾಗಪ್ಪನಿಗೆ ಹಾಲೆರೆಯುವುದು ದಶರಥನ ಮನೆಯಲ್ಲಿ ಎಂದೋ ನಿಂತಿತ್ತು. ಗೋಡೆಯ ಮೇಲಿದ್ದುದು ಬುದ್ಧನ ಪಟ. ಆದರೆ ಪಂಚಮಿ ಬಂದರೆ ಜೋಕಾಲಿ ಕಟ್ಟುವುದು, ಶೇಂಗಾ ಉಂಡಿ ಕಟ್ಟುವುದು, ಕೊಟ್ಟ ಮಗಳನ್ನು ಕರೆತರುವುದು ಯಾವ ಮನೆಯಲ್ಲಿ ತಾನೇ ನಿಲ್ಲುತ್ತದೆ? ಪ್ರತಿ ಶ್ರಾವಣದಲ್ಲಿ ಕುಂಚಾವರಂ ಓಣಿಯ ಸೊಸೆಯಂದಿರು ಚೀಲ ಹಿಡಿದು ಬಸ್ಸಿಗೆ ನಿಲ್ಲುತ್ತಿದ್ದರು. ರಮಾಬಾಯಿ ಬಾಗಿಲಲ್ಲಿ ನಿಂತು ಅವರನ್ನು ನಗುನಗುತ್ತ ಕಳಿಸಿ, ಒಳಗೆ ಬಂದು ಹಿಟ್ಟು ನಾದುವ ನೆಪದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಅವಳು ತವರಿನಿಂದ ತಂದದ್ದು ಒಂದೇ ಒಂದು, ಒಂದು ಬಳ್ಳಿಯ ಗಡ್ಡೆ.

ಆ ಬಳ್ಳಿ ಕ್ವಾರ್ಟರ್ಸಿನ ಹಿಂದಿನ ಗೋಡೆಗಿತ್ತು. ಎಲೆ ಅರಳಿ ಎಲೆಯ ತಂಗಿಯಂತೆ, ಹೂವು ಗುಲಾಬಿ ಬಣ್ಣದ ಸಣ್ಣ ಗೊಂಚಲು. ಯಾವುದೋ ಕಾಲದ ಸ್ಟೇಷನ್ ಮಾಸ್ತರರ ಹೆಂಡತಿ ಎಲ್ಲಿಂದಲೋ ತರಿಸಿ ಬಂಗಲೆಯ ಗೇಟಿಗೆ ಹಬ್ಬಿಸಿದ್ದಳಂತೆ. ಅಲ್ಲಿಂದ ಅದು ಬೇಲಿ ಹಾರಿ ಗ್ಯಾಂಗ್‌ಮನ್ನರ ಗೋಡೆಗೆ ಬಂದಿತ್ತು. ವಾಡಿಯ ಬಿಸಿಲು ನಿಮಗೆ ಗೊತ್ತಲ್ಲ, ರೊಟ್ಟಿ ಸುಡಲು ಹಂಚು, ಒಲೆ ಬೇಡವೇ ಬೇಡ. ಸುಣ್ಣದ ಕಲ್ಲಿನ ಪುಡಿ, ಸಿಮೆಂಟಿನ ಧೂಳು, ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು. ಮನುಷ್ಯರು ಬಾಡಿ ಬತ್ತಿ ಹೋಗುತ್ತಿದ್ದಾಗ ಈ ಬಳ್ಳಿ ಮಾತ್ರ ಮೈತುಂಬ ಹೂಬಿಟ್ಟು ನಿಲ್ಲುತ್ತಿತ್ತು. ಅವ್ವ ಅನಸುಬಾಯಿಗೂ ಪಕ್ಕದ ಮನೆಯ ಹಮೀದಾಬೇಗಂಗೂ ಉದುರಿದ ಹೂವು ಗುಡಿಸುವವರು ಯಾರು ಎಂಬ ಬಗ್ಗೆ ದಿನಾ ತಕರಾರು. ಗೂಡ್ಸ್ ಗಾಡಿ ಹಾದುಹೋದಾಗ ಗೋಡೆ ಅದುರಿ, ಕೆಳಗೆ ಕೂತು ಉಣ್ಣುವ ರಮಾಳ ತಾಟಿನಲ್ಲಿ ಅನ್ನದ ಮೇಲೆ ನಾಲ್ಕು ಹೂವು ಬೀಳುತ್ತಿದ್ದವು. ಅವನ್ನು ಬದಿಗೆ ಸರಿಸಿ ಉಂಡ ರುಚಿ ಅವಳಿಗೆ ಇನ್ನೆಲ್ಲೂ ಸಿಕ್ಕಿಲ್ಲ.

ಕೀಲಿ ಕೊಡುವ ದಿನ ರಮಾಬಾಯಿ ಗೋಡೆಯ ಬುಡ ಅಗೆದು ಒಂದು ಗಡ್ಡೆ ತೆಗೆದಳು. ಒದ್ದೆ ಅರಿವೆಯಲ್ಲಿ ಸುತ್ತಿ ಊಟದ ಡಬ್ಬಿಯಲ್ಲಿಟ್ಟು ಚಿತ್ತಾಪುರ, ಸೇಡಂ, ಚಿಂಚೋಳಿ ದಾಟಿಸಿಕೊಂಡು ಕುಂಚಾವರಂಗೆ ತಂದಳು. ಎಳೆಗೂಸನ್ನು ತಂದಂತೆ ತಂದಳು, ಹಾಗೆಯೇ ಸಾಕಿದಳು. ತಪ್ಪಾದದ್ದು ಅಲ್ಲೇ.

ಬಿಸಿಲು ತಾಗದಿರಲೆಂದು ಬೇವಿನ ನೆರಳಲ್ಲಿ ಹಚ್ಚಿದಳು. ಬೆಳಿಗ್ಗೆ ಒಂದು ಕೊಡ, ಸಂಜೆ ಒಂದು ಕೊಡ ನೀರು. ಗಂಡ ರಾಜರತ್ನ ಪಶು ಆಸ್ಪತ್ರೆಯ ಕಂಪೌಂಡರ್, ಮನೆಯಲ್ಲಿ ತಿಪ್ಪೆಗೊಬ್ಬರಕ್ಕೆ ಬರವೇ? ಬುಟ್ಟಿಗಟ್ಟಲೆ ಹಾಕಿದಳು. ಬಳ್ಳಿ ಕೊಬ್ಬಿತು. ಎಲೆಯೆಂದರೆ ಎಲೆ, ಅಂಗೈ ಅಗಲದ ಎಲೆ. ಹೂವು ಮಾತ್ರ ಒಂದೂ ಇಲ್ಲ. ವರ್ಷ ಹೋಯಿತು, ಇನ್ನೊಂದು ವರ್ಷ ಹೋಯಿತು, ರಮಾಬಾಯಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಇದರ ಬದಲು ಪಾಲಕ್ ಹಚ್ಚಿದ್ದರೆ ಪಲ್ಯವಾದರೂ ಆಗುತ್ತಿತ್ತು ಎಂದು ರಾಜರತ್ನ ಚೇಷ್ಟೆ ಮಾಡಿದ. ಅವತ್ತು ಅವನಿಗೆ ಬರೀ ಪಾಲಕ್ಕೇ ಬಡಿಸಿದಳು.

ಒಂದು ಪಂಚಮಿಯ ದಿನ, ಓಣಿಯೆಲ್ಲ ತವರಿಗೆ ಹೋಗಿ ಭಣಭಣ ಎನ್ನುತ್ತಿದ್ದಾಗ, ಆ ಹಸಿರು ಸೊಕ್ಕು ನೋಡಿ ಅವಳಿಗೆ ತಲೆ ಕೆಟ್ಟಿತು. ಇಷ್ಟು ಉಪಚಾರ ಮಾಡಿದರೂ ಮುಖ ತೋರಿಸದ ನೀನು ನನಗ್ಯಾಕೆ ಎಂದವಳೇ ಸಲಿಕೆ ತಂದು ಬುಡಸಮೇತ ಕಿತ್ತು, ಹಿತ್ತಿಲ ಗೋಡೆಯಾಚೆ ಬೀಸಿ ಒಗೆದಳು. ಗೋಡೆಯಾಚೆ ಹಳ್ಳಕ್ಕೆ ಇಳಿಯುವ ದಿಬ್ಬ. ಬರೀ ಕಲ್ಲು, ಕಾಲಿಟ್ಟರೆ ಸುಡುವ ಮೊರಂ ಮಣ್ಣು. ದನ ಸಹ ಮೂಸದ ನೆಲ. ಸೀತಾಫಲದ ಪೊದೆಗಳು ಮಾತ್ರ ತಮ್ಮ ಪಾಡಿಗೆ ತಾವು ಬೆಳೆದಿದ್ದವು.

ಒಂದರ ಹಿಂದೊಂದು ಎರಡು ಮಳೆಗಾಲ ಕಳೆದ ಮೇಲೆ, ಒಂದು ಬೆಳಿಗ್ಗೆ ಗೋಡೆಯಾಚೆ ಜೇನುಹುಳುಗಳ ಗುಂಯ್‌ಗುಟ್ಟುವಿಕೆ ಕೇಳಿಸಿತು. ಇಣುಕಿದರೆ ದಿಬ್ಬದ ಮೇಲೆ ವಾಡಿ! ಅದೇ ಗುಲಾಬಿ, ಅದೇ ಗೊಂಚಲು. ನೆರಳು, ನೀರು, ಗೊಬ್ಬರ ಯಾವುದೂ ಬೇಕಿರಲಿಲ್ಲ ಅದಕ್ಕೆ. ಕಲ್ಲು, ಬಿಸಿಲು, ಯಾರೂ ಕೇಳದ ಜಾಗ, ಇಷ್ಟು ಸಾಕಿತ್ತು. ರಮಾಬಾಯಿ ಗೋಡೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಸದ್ದು ಕೇಳಿ ಪಕ್ಕದ ಮನೆಯ ಅಂಬುಬಾಯಿ ಓಡಿಬಂದು, ಏನಾಯಿತೆಂದು ಕೇಳದೆ ಬೆನ್ನು ನೇವರಿಸಿದಳು.

ಈ ಅಂಬುಬಾಯಿಯ ಬಗ್ಗೆ ಹೇಳದಿದ್ದರೆ ಕತೆಗೆ ಅರ್ಥವಿಲ್ಲ. ಅವಳದು ಕಾಗಿಣಾ ನದಿ ದಂಡೆಯ ಅಂಬಿಗರ ಮನೆತನ, ಮದುವೆಯಾಗಿ ಈ ಕಾಡಂಚಿಗೆ ಬಂದವಳು. ಮಗ ಅಣವೀರ ಚಿಂಚೋಳಿಗೆ ಟಂಟಂ ಆಟೋ ಓಡಿಸುತ್ತಾನೆ. ರಮಾಬಾಯಿ ಅವಳನ್ನು ದೊಡ್ಡವ್ವ ಎನ್ನುತ್ತಿದ್ದಳು. ಹೆಸರಿಗಷ್ಟೇ ದೊಡ್ಡವ್ವ, ಮಾಡಿದ್ದೆಲ್ಲ ಹಡೆದವ್ವನ ಕೆಲಸ. ಚೊಚ್ಚಲ ಹೆರಿಗೆಗೆ ಹೋಗಲು ತವರಿಲ್ಲದ ರಮಾಬಾಯಿಗೆ ಬಾಣಂತನ ಮಾಡಿದ್ದು, ಕೂಸು ಲುಂಬಿನಿಯನ್ನು ಕಾಲ ಮೇಲೆ ಹಾಕಿಕೊಂಡು ಎರೆದದ್ದು ಈಕೆ. ಪ್ರತಿ ಪಂಚಮಿಗೆ ಕರೆದು ಕೂರಿಸಿ ಕುಪ್ಪಸದ ಬಟ್ಟೆ, ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದ್ದೂ ಈಕೆ. ಮೊದಲ ಸಲ ಓಣಿಯವರು ಮೂಗು ಮುರಿದರು. ಯಾರ ಮನೆಯ ಮಗಳಿಗೆ ಯಾರು ಉಡಿ ತುಂಬುವುದು, ಜಾತಿಪಾತಿ ಬೇಡವೇ ಎಂದು ಒಬ್ಬಾಕೆ ಬಾಯಿಬಿಟ್ಟು ಅಂದೇಬಿಟ್ಟಳು. ಅಂಬುಬಾಯಿ ಆಕೆಯ ಮುಖವನ್ನೇ ನೋಡುತ್ತ ಇನ್ನೊಂದು ಹಿಡಿ ಅಕ್ಕಿ ಹೆಚ್ಚಾಗಿ ಹಾಕಿದಳು. 

ಬಳ್ಳಿಗೆ ಓಣಿಯವರು ವಾಡಿ ಬಳ್ಳಿ ಎಂದು ಹೆಸರಿಟ್ಟರು. ಮೊದಮೊದಲು ಎಲ್ಲರಿಗೂ ಅದರ ಮೇಲೆ ಅಕ್ಕರೆ. ಹೆಂಗಸರು ತುರುಬಿಗೆ ಮುಡಿದರು, ಮದುವೆಯ ಹಂದರಕ್ಕೆ ಕಟ್ಟಿದರು. ರಮಾಬಾಯಿ ದಿನಾ ಸಂಜೆ ಗೋಡೆಗೆ ಗಲ್ಲ ಊರಿ ನಿಲ್ಲುತ್ತಿದ್ದಳು. ನಿಂತಷ್ಟು ಹೊತ್ತು ಅವಳಿಗೆ ಅವ್ವನ ದನಿ ಕೇಳುತ್ತಿತ್ತು, ಹಮೀದಾಬೇಗಂಳ ಜಗಳ ಕೇಳುತ್ತಿತ್ತು. ಆ ಹೊತ್ತಿನಲ್ಲಿ ಯಾರಾದರೂ ಕರೆದರೆ ಓಗೊಡುತ್ತಿರಲಿಲ್ಲ.

ಲುಂಬಿನಿ ದೊಡ್ಡವಳಾಗಿ ಚಿಂಚೋಳಿಯ ಕಾಲೇಜು ಸೇರುವ ಹೊತ್ತಿಗೆ ಬಳ್ಳಿ ಅವಳಿಗಿಂತ ಹತ್ತು ಪಟ್ಟು ಬೆಳೆದಿತ್ತು. ದಿಬ್ಬವನ್ನೆಲ್ಲ ಹೊದ್ದುಕೊಂಡಿತು. ಬೀಜ ಹಳ್ಳದ ನೀರಲ್ಲಿ ತೇಲಿ ಕಾಡಿನೊಳಗೆ ಹೋಯಿತು. ಒಂದೊಂದೇ ಸೀತಾಫಲದ ಪೊದೆಯನ್ನು ಏರಿ, ತಬ್ಬಿ, ಮೇಲೆ ಗುಲಾಬಿ ಹಚ್ಚಡ ಹಾಸಿತು. ಕೆಳಗೆ ಪೊದೆಗೆ ಬಿಸಿಲೇ ಇಲ್ಲ. ಎಲೆ ಹಳದಿಯಾಗಿ, ನಿಂಬೆಹಣ್ಣಿನಷ್ಟಿದ್ದ ಕಾಯಿ ಕರಿದಾಗಿ ಉದುರತೊಡಗಿತು. ದಸರೆ ಮುಂದೆ ಆ ಹಣ್ಣು ಬುಟ್ಟಿ ತುಂಬಿ ಚಿಂಚೋಳಿ ಸಂತೆಗೆ ಒಯ್ಯುತ್ತಿದ್ದ ಹೆಂಗಸರು ಗೊಣಗಿದರು. ಎಲ್ಲರಿಗಿಂತ ಹೆಚ್ಚು ಪೊದೆ ಹೋದದ್ದು, ಹಿಂಬಾಗಿಲಿನಿಂದ ದಿಬ್ಬಕ್ಕಿಳಿದು ಹಣ್ಣು ಕೀಳುತ್ತಿದ್ದ ಅಂಬುಬಾಯಿಗೆ. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಕೊನೆಗೆ ಬಳ್ಳಿ ಅವಳ ಮನೆಯ ಹಿಂಗೋಡೆ ಹತ್ತಿ, ದಿಬ್ಬಕ್ಕೆ ತೆರೆಯುವ ಬಾಗಿಲನ್ನೇ ಬಿಗಿದು ಕಟ್ಟಿಬಿಟ್ಟಿತು. ಆ ಮುದುಕಿ ಅದನ್ನೂ ಹೇಳದೆ, ಬುಟ್ಟಿ ಹೊತ್ತು ಮುಂದಿನ ಓಣಿಯಿಂದ ಸುತ್ತಿ ಬರತೊಡಗಿದಳು. ರಮಾಬಾಯಿ ನೋಡಿದ್ದಳೇ? ನೋಡಿದ್ದಳು. ನೋಡಿಯೂ ನೋಡದಂತೆ ಇದ್ದಳು.

ಈ ವರ್ಷ ಮಳೆ ನಿಂತ ಮೇಲೆ ಕಾಡಿನ ಗಾರ್ಡ್ ಸಂತೋಷಕುಮಾರ ಬಂದ. ಹಳ್ಳದ ಗುಂಟ ಕಾಡಿನೊಳಗೆ ಬಳ್ಳಿ ಎಲ್ಲಿಯವರೆಗೆ ಹೋಗಿದೆ ಎಂದು ನೋಡಿಕೊಂಡು ಬಂದು, ಅಂಬುಬಾಯಿಯ ಅಂಗಳದಲ್ಲಿ ಓಣಿಯ ಹೆಂಗಸರನ್ನೆಲ್ಲ ಸೇರಿಸಿ ಮಾತಾಡಿದ. ಇದು ಮೆಕ್ಸಿಕೋ ದೇಶದ ಬಳ್ಳಿ, ತೋಟದ ಚೆಂದಕ್ಕೆಂದು ತಂದದ್ದು, ಬಿಟ್ಟರೆ ಕಾಡನ್ನೇ ಮುಚ್ಚುತ್ತದೆ ಎಂದ. ಬೀಜ ಉದುರುವ ಮೊದಲು ಅಗೆಯಬೇಕು, ನೆಲ ಹಸಿ ಇರುವಾಗಲೇ ಆಗಬೇಕು, ಇಲಾಖೆಯ ಆಳುಗಳು ಕಾಡಿನೊಳಗೆ ಅಗೆದರೆ ಊರವರು ದಿಬ್ಬ ಅಗೆಯಲಿ ಎಂದ. ಎಲ್ಲರೂ ತಲೆಯಾಡಿಸಿದರು. ರಮಾಬಾಯಿ ಒಂದು ಗೋಡೆಯಷ್ಟಾದರೂ ಉಳಿಸಿ ಎಂದು ಬೇಡಿಕೊಂಡಳು.

"ಆಗಂಗಿಲ್ರಿ ಅಕ್ಕಾರ. ಕಡದರ ಸಾಯಂಗಿಲ್ಲ, ಸುಟ್ಟರ ಸಾಯಂಗಿಲ್ಲ ಇದು. ಕೆಳಗ ಗಡ್ಡಿ ಇರ್ತಾವ. ಹೆಬ್ಬೆಟ್ಟಿನಷ್ಟು ಗಡ್ಡಿ ಉಳದರೂ ಮತ್ತ ಗುಡ್ಡ ಏರತದ. ತೆಗದರ ಪೂರಾ ತೆಗೀಬೇಕು, ಇಲ್ಲಂದ್ರ ತೆಗದಂಗೇ ಅಲ್ಲ."

ಅವನು ಹುಡುಗ, ಒಳ್ಳೆಯವನು, ಇದ್ದದ್ದು ಹೇಳಿದ. ಆದರೆ ರಮಾಬಾಯಿಯ ಕಿವಿಗೆ ಅದು ಇನ್ನೊಮ್ಮೆ ಕೀಲಿ ಕೇಳಿದಂತೆ ಕೇಳಿಸಿತು. ನನ್ನ ಹಿತ್ತಿಲಿಗೆ ಸಲಿಕೆ ತಂದವರ ಕೈ ಮುರಿಯುತ್ತೇನೆ ಎಂದು ಎದ್ದಳು. ಅಂಬುಬಾಯಿ ಸಮಾಧಾನ ಮಾಡಲು ರಟ್ಟೆ ಹಿಡಿದಾಗ ಅವಳ ನಾಲಿಗೆ ಜಾರಿತು.

"ನಿಂಗೇನು ತಿಳೀತದ ದೊಡ್ಡವ್ವ? ನಿನ್ನ ತವರ ಕಾಗಿಣಾ ದಂಡಿಗದ. ಮುಂಜಾನೆ ಮಗನ ಟಂಟಂ ಹತ್ತಿದರ ಸಂಜಿಗಿ ಅಣ್ಣನ ಮನ್ಯಾಗ ಕುಂದರತಿ. ನಂದು ಇದೊಂದೇ ಅದ. ಇದೂ ಹೋದರ ನಂಗ ಯಾರೂ ಇಲ್ಲ."

ನಂಗ ಯಾರೂ ಇಲ್ಲ. ಈ ಮಾತನ್ನು ಯಾರ ಮುಂದೆ ಆಡಿದಳು ನೋಡಿ! ಅಂಬುಬಾಯಿಯ ಕೈ ಮೆಲ್ಲಗೆ ಸಡಿಲಾಯಿತು. ಹೌದು ಬಿಡವ್ವ ಎಂದಷ್ಟೇ ಅಂದು ಒಳಗೆ ಹೋದಳು. ಮರುದಿನ ಅವಳು ರಮಾಬಾಯಿಯ ಬಾಗಿಲಿಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ದಿನಾ ಗೋಡೆಯ ಮೇಲಿಂದ ದಾಟುತ್ತಿದ್ದ ಸಾರಿನ ಬಟ್ಟಲೂ ನಿಂತಿತು.

ರಮಾಬಾಯಿಗೆ ಅನ್ನ ಸೇರಲಿಲ್ಲ. ರಾಜರತ್ನ ಎಂದಿನ ಚೇಷ್ಟೆ ಬಿಟ್ಟು ಪಕ್ಕದಲ್ಲಿ ಕೂತ. ಬಳ್ಳಿಯನ್ನು ತೆಗೆಯಲೇಬೇಕಾಗುತ್ತದೆ, ಆದರೆ ನೀನೊಮ್ಮೆ ವಾಡಿಗೆ ಹೋಗಿ ಬಾ, ಅದರ ಬೇರು ಅಲ್ಲಿಯೇ ಇದೆಯಲ್ಲ ಎಂದ. ಇಷ್ಟು ವರ್ಷ ಅವಳು ವಾಡಿಯಲ್ಲಿ ಇಳಿದಿರಲೇ ಇಲ್ಲ. ಬೇರೆಯವರ ಸಂಸಾರ ಇರುವ ಮನೆಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದೆಂಬ ಸಂಕೋಚ. ಈಗ ಮಾತ್ರ ಮನಸ್ಸು ಒಂದು ಆಸೆಗೆ ಜೋತುಬಿತ್ತು. ಅಲ್ಲಿ ಆ ಗೋಡೆ, ಆ ಬಳ್ಳಿ ಇದ್ದರೆ ಸಾಕು. ವರ್ಷಕ್ಕೊಮ್ಮೆ ಹೋಗಿ ನೋಡಿ ಬರಬಹುದು. ಹಾಗಿದ್ದರೆ ಇಲ್ಲಿಯದನ್ನು ಅಗೆದರೂ ತಡೆದುಕೊಳ್ಳಬಹುದು.

ಅಣವೀರನ ಟಂಟಂನಲ್ಲಿ ಚಿಂಚೋಳಿಗೆ ಬಂದಳು. ದಾರಿಯುದ್ದಕ್ಕೂ ಅವನು ಅವ್ವನ ಸುದ್ದಿ ಎತ್ತಲಿಲ್ಲ, ಇವಳೂ ಕೇಳಲಿಲ್ಲ. ಬಸ್ಸಿನಲ್ಲಿ ಸೇಡಂ, ಅಲ್ಲಿಂದ ಪ್ಯಾಸೆಂಜರ್ ಗಾಡಿ. ಮಳಖೇಡ ಹೋಯಿತು, ಚಿತ್ತಾಪುರ ಹೋಯಿತು. ತೊಗರಿಯ ಹೊಲಗಳ ನಡುವೆ ಕಲ್ಲಿನ ಗಣಿಗಳು ಶುರುವಾದವು, ಗಾಳಿಯಲ್ಲಿ ಸಿಮೆಂಟಿನ ವಾಸನೆ ಬಂತು. ನಡುವಯಸ್ಸಿನ ರಮಾಬಾಯಿ ಕಿಟಕಿಯ ಸರಳಿಗೆ ಮುಖ ಒತ್ತಿ ಕೂತಳು.

ವಾಡಿಯಲ್ಲಿ ಇಳಿದು ಮೇಲ್ಸೇತುವೆ ಹತ್ತಿದಾಗ ಹಳಿಗಳಾಚೆ ಗುಲಾಬಿ ಬಣ್ಣ ಕಂಡಿತು. ಇದೆ! ಅವಳ ಕಾಲಿಗೆ ರೆಕ್ಕೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲು ಇಳಿದಳು, ಹುಡುಗಿಯಾಗಿದ್ದಾಗ ಇಳಿದಂತೆಯೇ ಎರಡೆರಡು ಮೆಟ್ಟಿಲು. ಹತ್ತಿರ ಹೋದಂತೆ ಹೆಜ್ಜೆ ನಿಧಾನವಾಯಿತು. ಬಣ್ಣವಿತ್ತು, ಮನೆಗಳಿರಲಿಲ್ಲ. ಸಾಲಿಗೆ ಸಾಲೇ ಒಂದು ಗುಡ್ಡವಾಗಿತ್ತು. ಈ ತುದಿಯಿಂದ ಆ ತುದಿಯವರೆಗೆ ಹೂವಿನ ಗುಡ್ಡ, ಅದರ ತುಂಬ ಜೇನುಹುಳು. ಚೆಂದವೆಂದರೆ ಚೆಂದ, ನೋಡುತ್ತಲೇ ಇರಬೇಕು ಎನ್ನುವಷ್ಟು. ಆದರೆ ಎಲ್ಲಿ ಚಾವಣಿ, ಎಲ್ಲಿ ಅಂಗಳ, ಎಲ್ಲಿ ನಲ್ಲಿಯ ಕಟ್ಟೆ? ರಮಾಬಾಯಿ ಆ ಕಡೆ ನಡೆದಳು, ಈ ಕಡೆ ನಡೆದಳು. ತನ್ನ ಮನೆ ಯಾವುದೆಂದು ಗೊತ್ತಾಗಲಿಲ್ಲ.

ಅಲ್ಲಿ ಮೇಕೆ ಮೇಯಿಸುತ್ತಿದ್ದವರನ್ನು ಕೇಳಿ ಹಮೀದಾಬೇಗಂಳನ್ನು ಹುಡುಕಿದಳು. ಮುದುಕಿ ಹಿಂದಿನ ಓಣಿಯಲ್ಲಿ ಮಗಳು ಜಬೀನಾಳ ಮನೆಯಲ್ಲಿದ್ದಳು. ಅನಸುಬಾಯಿಯ ಮಗಳೆಂದು ಗೊತ್ತಾದ ಕೂಡಲೇ ಎರಡೂ ಕೆನ್ನೆ ಹಿಡಿದು ಅತ್ತಳು, ಕೋಲು ಊರಿಕೊಂಡು ಜೊತೆಗೆ ಬಂದಳು. ಮನೆಗಳು ಹಳೆಯವಾದವೆಂದು ಎಲ್ಲರನ್ನೂ ಖಾಲಿ ಮಾಡಿಸಿದರಂತೆ. ಜನ ಹೋದದ್ದೇ ತಡ, ತುಳಿಯುವವರಿಲ್ಲ, ಕಡಿಯುವವರಿಲ್ಲ, ಬಳ್ಳಿ ಒಳಗೆ ಹೊಕ್ಕಿತಂತೆ. ಹಳಿಗೆ ಬಂದೀತೆಂದು ಬೇಸಿಗೆಗೊಮ್ಮೆ ಕಡಿಸುತ್ತಾರೆ, ಮಳೆಗೆ ಮತ್ತೆ ಏರುತ್ತದೆ. ಇಬ್ಬರೂ ಗುಡ್ಡದ ಮುಂದೆ ನಿಂತರು. ಮುದುಕಿ ಕೋಲಿನಿಂದ ಒಂದು ಕಡೆ ತೋರಿಸಿದಳು, ಅಲ್ಲ ಎಂದು ಇನ್ನೊಂದು ಕಡೆ ತೋರಿಸಿದಳು, ಆಮೇಲೆ ಕೋಲು ಕೆಳಗಿಳಿಸಿದಳು.

"ಎಲ್ಲಾ ಒಂದೇ ನಮೂನಿ ಮನಿ ಇದ್ದವು ಬೇಟಿ. ನಿಮ್ಮವ್ವನ ದರವಾಜಾ ಯಾವುದು, ನಂದು ಯಾವುದು, ನಂಗೂ ತಿಳೀವಲ್ದು."

ರಮಾಬಾಯಿ ಬಳ್ಳಿಯನ್ನು ಎರಡೂ ಕೈಯಿಂದ ಬಿಡಿಸಿ ನುಗ್ಗಿದಳು. ಹೂವೆಲ್ಲ ಮೇಲಿನ ಪದರಿನಲ್ಲಿ ಮಾತ್ರ. ಒಳಗೆ ಕತ್ತಲು, ಹಗ್ಗದಂತೆ ಹೊಸೆದುಕೊಂಡ ಕಾಂಡ, ಮೊಣಕಾಲುದ್ದ ಒಣಗಿದ ಎಲೆ. ಕೈಗೆ ಒಂದು ಗೋಡೆ ತಾಗಿತು, ಮುಟ್ಟಿದರೆ ಮಣ್ಣು ಉದುರಿತು. ಕಾಲಡಿಯ ಶಹಾಬಾದಿ ಕಲ್ಲಿನ ನೆಲಹಾಸನ್ನು ಗಡ್ಡೆಗಳು ಮೇಲಕ್ಕೆತ್ತಿ ಒಡೆದಿದ್ದವು. ಇದು ಅವ್ವ ರೊಟ್ಟಿ ಬಡಿಯುತ್ತಿದ್ದ ಜಾಗವೇ, ಹಮೀದಾಬೇಗಂಳ ಪಡಸಾಲೆಯೇ, ಮೂರನೆಯವರದೇ? ಯಾರಿಗೆ ಗೊತ್ತು! ಅಳಬೇಕೆಂದರೂ ಯಾವ ಹೊಸ್ತಿಲ ಮುಂದೆ ಕೂತು ಅಳಬೇಕು? ಮನೆಯನ್ನು ನನಗಾಗಿ ಕಾಯ್ದಿಟ್ಟಿದೆ ಎಂದು ಇಷ್ಟು ವರ್ಷ ಯಾವುದನ್ನು ನಂಬಿದ್ದಳೋ ಅದೇ ಮನೆಯನ್ನು ನುಂಗಿ ನಗುತ್ತ ನಿಂತಿತ್ತು. ಈ ಬಳ್ಳಿಗೆ ಮೆಕ್ಸಿಕೋದ ನೆನಪಿಲ್ಲ, ವಾಡಿಯ ನೆನಪೂ ಇಲ್ಲ. ಎಲ್ಲಿ ಹೋದರೂ ಅದಕ್ಕೆ ಅದೇ ಊರು. ನೆನಪು, ಹಂಬಲ, ಹಾಳುಮೂಳು ಎಲ್ಲ ತನ್ನೊಬ್ಬಳದೇ ಎಂದು ರಮಾಬಾಯಿಗೆ ಅನ್ನಿಸಿ ಎದೆ ಬರಿದಾಯಿತು.

ಅವತ್ತು ಹಮೀದಾಬೇಗಂ ಅವಳನ್ನು ಬಿಡಲಿಲ್ಲ, ಉಣಿಸಿ ಮಲಗಿಸಿದಳು. ಬೆಳಿಗ್ಗೆ ಹೊರಡುವಾಗ ಒಂದು ಗೊಂಚಲು ಹೂವು ಮುರಿದುಕೊಡಲು ಹೋದಳು. ರಮಾಬಾಯಿ ಬೇಡವೆಂದಳು, ಮುದುಕಿಯನ್ನು ತಬ್ಬಿಕೊಂಡಳು.

ಮಧ್ಯಾಹ್ನ ದಾಟಿ ಕುಂಚಾವರಂ ಮುಟ್ಟಿದಾಗ ಅವಳು ಚೀಲವನ್ನು ಕಟ್ಟೆಯ ಮೇಲೆ ಒಗೆದು, ಸಲಿಕೆ, ಗುದ್ದಲಿ ಹಿಡಿದು ಸೀದಾ ದಿಬ್ಬಕ್ಕೆ ಇಳಿದಳು. ತನ್ನ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಅಂಬುಬಾಯಿಯ ಹಿಂಬಾಗಿಲ ಬುಡಕ್ಕೆ ಹೋಗಿ ಅಗೆಯತೊಡಗಿದಳು. ಕಾಂಡ ಕಡಿದಳು, ಎಳೆದಳು, ಗುದ್ದಲಿ ಹಾಕಿದಳು. ಗಡ್ಡೆಯ ಕೆಳಗೆ ಗಡ್ಡೆ, ಅದರ ಕೆಳಗೆ ಇನ್ನೊಂದು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಹೂವು ತಲೆಯ ಮೇಲೆ, ಹೆಗಲ ಮೇಲೆ ಉದುರುತ್ತಿತ್ತು, ಕಣ್ಣೀರು ಮೂಗಿನ ತುದಿಗೆ ಬಂದು ಬೀಳುತ್ತಿತ್ತು, ಒರೆಸಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ.

ಸದ್ದು ಕೇಳಿ ಅಂಬುಬಾಯಿ ಮುಂದಿನ ಓಣಿಯಿಂದ ಸುತ್ತಿ ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ಕೂತು, ಎದ್ದ ಮಣ್ಣಿನಲ್ಲಿ ಕೈಯಾಡಿಸಿ ಬೆರಳಿನಷ್ಟು ಗಡ್ಡೆಗಳನ್ನೂ ಆರಿಸಿ ರಾಶಿ ಹಾಕತೊಡಗಿದಳು.  ಬಿಸಿಲು ಇಳಿಯುವ ಹೊತ್ತಿಗೆ ಅಂಬುಬಾಯಿ ಒಂದು ದುಂಡನೆಯ ಗಡ್ಡೆಯನ್ನು ಸೆರಗಿನಿಂದ ಒರೆಸಿ ಅವಳ ಮುಂದೆ ಹಿಡಿದಳು.

"ಒಂದು ಇಟ್ಟಕೋ ಮಗಳ. ಡಬ್ಬಿದಾಗ ಹಚ್ಚು, ಹೊರಗ ಬಿಡಬ್ಯಾಡ. ಗಾರ್ಡಿಗಿ ನಾ ಹೇಳತೀನಿ."

ರಮಾಬಾಯಿಗೆ ಆಸೆಯಾಯಿತು. ಸುಳ್ಳೇಕೆ ಹೇಳಬೇಕು, ಕರುಳಿನಿಂದ ಆಸೆಯಾಯಿತು. ಕೈ ಚಾಚಿ ತೆಗೆದುಕೊಂಡಳು, ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಇಟ್ಟುಕೊಂಡಳು. ಆಮೇಲೆ ಅದನ್ನು ಉಳಿದವುಗಳ ರಾಶಿಗೆ ಹಾಕಿದಳು.

"ಅಲ್ಲಿ ಬಾಗಲಾ ಸಿಗಲಿಲ್ಲವ್ವಾ," ಎಂದಳು. "ಇದಾದರೂ ತೆರೀಲಿ."

ಅಂಬುಬಾಯಿ ಎದ್ದು ಹೋದಳು. ಓಣಿ ಸುತ್ತಿ, ಮುಂಬಾಗಿಲಿನಿಂದ ಒಳಗೆ ಹೋಗಿ, ಅಡುಗೆಮನೆ ದಾಟಿ ಅವಳು ಹಿಂಬಾಗಿಲಿಗೆ ಬಂದದ್ದು ಒಳಗಿನ ಅಗಳಿಯ ಸದ್ದಿನಿಂದ ತಿಳಿಯಿತು. ಒಳಗಿನಿಂದ ಅವಳು ದೂಡಿದಳು, ಹೊರಗಿನಿಂದ ರಮಾಬಾಯಿ ಕೊನೆಯ ಕಾಂಡವನ್ನು ಕಿತ್ತು ಎಳೆದಳು. ಬಾಗಿಲು ಕಿರ್ರೆಂದು ಅರ್ಧ ತೆರೆಯಿತು.

"ಕೈಕಾಲಿಗಿ ನೀರ ತಗೋ," ಎಂದಳು ಅಂಬುಬಾಯಿ ಬಾಗಿಲಲ್ಲಿ ನಿಂತು. "ಒಳಗ ಬಾ."